ಕೊಸರು ಕೊಡುವ ಎಡಗೈ

ನಮ್ಮ ಕ್ಲಬ್ಬಿನ ಮೊಯ್ದಿನ್ ಅವರ ಕೈಯಿಂದ ಏನನ್ನಾದರೂ ಅಳೆಸಿಕೊಂಡವರು ಪುಣ್ಯವಂತರು. ಟೀಗೆ ಸಕ್ಕರೆಯಾಗಲಿ, ಡಬ್ಬಿಗೆ ಗೋಡಂಬಿಯಾಗಲಿ, ಅಳತೆ ಮುಗಿದ ಮೇಲೆ ಅವರ ಎಡಗೈ ಪಾತ್ರೆಯ ಪಕ್ಕೆಗೆ ಒಮ್ಮೆ ತಟ್ಟುತ್ತದೆ. ತಟ್ಟಿದ್ದಕ್ಕೆ ಒಳಗಿನದು ಕುಗ್ಗಿ ಸ್ವಲ್ಪ ಜಾಗವಾಗುತ್ತದೆ, ಆ ಜಾಗಕ್ಕೆ ಇನ್ನೊಂದು ಚಿಟಿಕೆ ಬೀಳುತ್ತದೆ. ಇದಕ್ಕೆ ಕೊಸರು ಅನ್ನುತ್ತಾರೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮೈಸೂರಿನ ಮಾರ್ಕೆಟ್ಟಿನಲ್ಲಿ ಕೊಸರನ್ನು ಜಗಳವಾಡಿ ಪಡೆಯಬೇಕು. ಮೊಯ್ದಿನ್ ಕೇಳದೆಯೇ ಕೊಡುತ್ತಾರೆ, ಕೊಟ್ಟದ್ದು ಅವರಿಗೇ ಗೊತ್ತಾಗುವುದಿಲ್ಲ. ಗೊತ್ತಾಗದೆ ಕೊಡುವ ಈ ಗುಣವೇ ಕಳೆದ ಚಳಿಗಾಲದಲ್ಲಿ ಅವರ ಕುತ್ತಿಗೆಗೆ ಬಂತು.

ಅವರು ಬಂಟ್ವಾಳದ ಪೇಟೆಯವರು. ಅಪ್ಪನಿಗೆ ಅಕ್ಕಿ ಮತ್ತು ಒಣಮೀನಿನ ಅಂಗಡಿ ಇತ್ತಂತೆ. ಅಪ್ಪನನ್ನು ಅವರು ಬಾಪ ಅನ್ನುತ್ತಾರೆ. ಬಾಪ ಸೇರಿನಲ್ಲಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದರು. ಪ್ರತಿ ಸೇರಿಗೂ ಎಡಗೈಯಿಂದ ಒಂದು ತಟ್ಟು, ಮೇಲೊಂದು ಹಿಡಿ. ಹೊಟ್ಟೆಗೆ ಹೋಗುವ ವಸ್ತುವನ್ನು ಗೆರೆ ಕೊರೆದ ಹಾಗೆ ಅಳೆದು ಕೊಟ್ಟರೆ ಅಂಗಡಿಗೆ ಬರ್ಕತ್ತು ಇರುವುದಿಲ್ಲ ಎಂದು ಅವರ ನಂಬಿಕೆ. ಇಪ್ಪತ್ತು ದಾಟಿದ ಮೊಯ್ದಿನ್ ಆ ಕೈಯನ್ನೇ ತೆಗೆದುಕೊಂಡು ಕತಾರಿಗೆ ಬಂದರು. ಅಲ್ ಅಜೀಜಿಯಾದ ಒಂದು ಕಿರಾಣಿ ಅಂಗಡಿಯಲ್ಲಿ ಬಹಳ ವರ್ಷ ಖರ್ಜೂರ ತೂಗಿದರು, ಕೊಸರು ಹಾಕಿ ಮಾಲೀಕನಿಂದ ಬೈಸಿಕೊಂಡರು. ಅಂಗಡಿ ಮುಚ್ಚಿದ ಮೇಲೆ ಲುಸೈಲ್ ಆಚೆ ಮರಳಿನ ಅಂಚಿನಲ್ಲಿರುವ ನಮ್ಮ ಶೂಟಿಂಗ್ ಕ್ಲಬ್ಬಿಗೆ ಸೇರಿದರು. ಕೆಲಸ ಎಂದರೆ, ಸದಸ್ಯರು ಆಕಾಶಕ್ಕೆ ಹಾರಿಸಿದ ಮಣ್ಣಿನ ತಟ್ಟೆಗಳಿಗೆ ಗುಂಡು ಹೊಡೆದು ಮುಗಿಸಿದ ಮೇಲೆ, ಮರಳಿನಲ್ಲಿ ಬಿದ್ದ ಖಾಲಿ ತೋಟಾಗಳನ್ನು ಆರಿಸಿ ಗೋಣಿಗೆ ತುಂಬುವುದು.

ನಾನು ಅದೇ ಕ್ಲಬ್ಬಿನ ಆಫೀಸಿನಲ್ಲಿ ಅಡ್ಮಿನ್. ಹೆಸರು ಜಾಹ್ನವಿ, ಊರು ಮೈಸೂರು, ಬಾಯಿ ಸ್ವಲ್ಪ ಜೋರು. ಪರ್ಮಿಟ್ಟು, ಕಸ್ಟಮ್ಸು, ಯಾರ ರಜೆ, ಯಾರ ವೀಸಾ, ಎಲ್ಲ ನನ್ನ ಮೇಜಿನ ಮೇಲೇ ಬಂದು ಬೀಳುತ್ತವೆ. ಅಲ್ ವುಕೈರ್‌ನಲ್ಲಿ ನಾವು ಮತ್ತು ಮೊಯ್ದಿನ್ ಒಂದೇ ಕಟ್ಟಡದಲ್ಲಿ ಇರುವುದರಿಂದ ದಿನಾ ನನ್ನ ಕಾರಿನಲ್ಲೇ ಅವರ ಓಡಾಟ. ಅಷ್ಟು ದೂರದ ದಾರಿಯಲ್ಲಿ ಮಾತಾಡದೆ ಕೂರುವುದು ನನ್ನಿಂದ ಆಗದ ಕೆಲಸ. ಹಾಗಾಗಿ ಅವರ ವಿಷಯ ನನಗೆ ಅವರ ಅಣ್ಣತಮ್ಮಂದಿರಿಗಿಂತ ಹೆಚ್ಚು ಗೊತ್ತು.

ತೋಟಾ ಎಂದರೆ ಪ್ಲಾಸ್ಟಿಕ್ಕಿನ ಒಂದು ಕೊಳವೆ, ಬುಡದಲ್ಲಿ ಹಿತ್ತಾಳೆಯ ತಳ. ಹೊಡೆದ ಮೇಲೆ ಅದನ್ನು ಬಿಸಾಡಬೇಕಿಲ್ಲ. ಸುಟ್ಟ ಕೇಪು ತೆಗೆದು ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಬೆಣೆ ಒತ್ತಿ, ಸೀಸದ ಚರೆ ತುಂಬಿ, ಬಾಯಿ ಮಡಿಸಿದರೆ ಮತ್ತೆ ಹೊಸತು. ನಮ್ಮ ಕ್ಲಬ್ಬಿಗೆ ಇದಕ್ಕೆ ಅನುಮತಿ ಇದೆ, ಪ್ರತ್ಯೇಕ ಕೋಣೆಯೂ ಇದೆ. ಅಲ್ಲಿದ್ದ ಫಿಲಿಪೀನೋ ಟೆಕ್ನಿಷಿಯನ್ ನಿವೃತ್ತನಾಗಿ ಊರಿಗೆ ಹೊರಟ. ಹೊರಡುವಾಗ, ತನ್ನ ಜಾಗಕ್ಕೆ ಮೊಯ್ದಿನ್ ಅವರನ್ನೇ ಹಾಕಿಕೊಳ್ಳಿ, ಖಾಲಿ ತೋಟಾವನ್ನು ಬೆರಳಲ್ಲಿ ಉರುಳಿಸಿಯೇ ಬಿರುಕು ಪತ್ತೆ ಮಾಡುತ್ತಾರೆ ಎಂದು ಶಿಫಾರಸು ಮಾಡಿಹೋದ.

ಆ ಜಾಗ ಮೊಯ್ದಿನ್ ಅವರಿಗೆ ಎಷ್ಟು ಮುಖ್ಯ ಎನ್ನುವುದು ನನಗೆ ಗೊತ್ತಿತ್ತು. ಅವರ ಹೆಂಡತಿ ಹವ್ವಮ್ಮ ಹಿಂದಿನ ವರ್ಷ ಇಲ್ಲಿಗೆ ಬಂದಿದ್ದರು. ಮದುವೆಯಾಗಿ ಮೂವತ್ತು ವರ್ಷವಾದರೂ ಗಂಡಹೆಂಡತಿ ಒಂದೇ ಮನೆಯಲ್ಲಿ ಇದ್ದದ್ದು ರಜೆಯಲ್ಲಿ ಮಾತ್ರ. ಮಕ್ಕಳು ಹುಟ್ಟಿದ್ದು, ಬೆಳೆದದ್ದು, ಮಗಳ ನಿಕಾಹ್ ಆದದ್ದು, ಎಲ್ಲವನ್ನೂ ಹವ್ವಮ್ಮ ಒಬ್ಬರೇ ನಿಭಾಯಿಸಿದ್ದರು. ಈಗ ಮೊದಲ ಸಲ ಬಾಲ್ಕನಿಯಲ್ಲಿ ಕರಿಬೇವಿನ ಕುಂಡ ಇಟ್ಟು, ಪರದೆ ಹೊಲಿದು, ಸಂಜೆ ಗಂಡನಿಗೆ ಕಾಯುತ್ತಿದ್ದರು. ಆದರೆ ಅವರ ವೀಸಾ ರಂಜಾನ್ ಮುಗಿಯುವ ಹೊತ್ತಿಗೆ ನವೀಕರಣವಾಗಬೇಕಿತ್ತು. ಗಂಡ ಮಾಮೂಲಿ ಲೇಬರ್ ಎಂದಿದ್ದರೆ ಈ ಸಲ ಆಗುವುದಿಲ್ಲ, ಟೆಕ್ನಿಷಿಯನ್ ಎಂದು ಕಾಯಂ ಆದರೆ ಆಗುತ್ತದೆ. ಕಾಯಂ ಮಾಡಬೇಕಾದವರು ಕ್ಲಬ್ಬಿನ ಸೇಫ್ಟಿ ನೋಡಿಕೊಳ್ಳುವ ಅಬು ರಾಶಿದ್. ಮೃದು ಮಾತಿನ ಕತಾರಿ ಹಿರಿಯರು, ಆದರೆ ನಿಯಮದ ವಿಷಯದಲ್ಲಿ ಕಲ್ಲು. ತೋಟಾ ತುಂಬುವ ಹೊಸ ಪ್ರೆಸ್ಸು ಬರುತ್ತದೆ, ಅದನ್ನು ಕೂರಿಸಲಿ, ತೋಟಾ ತಯಾರಿಸಿ ತೋರಿಸಲಿ, ಆಮೇಲೆ ಸಹಿ ಎಂದರು.

ಡಿಸೆಂಬರಿನಲ್ಲಿ ಪ್ರೆಸ್ಸು ಬಂತು. ನೀಲಿ ಬಣ್ಣದ ಗಟ್ಟಿ ಕಬ್ಬಿಣ, ಬಲಕ್ಕೆ ಉದ್ದನೆ ಹಿಡಿ, ತಲೆಯ ಮೇಲೆ ಎರಡು ಬಾಟಲಿ, ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಚರೆ. ಹಳೆಯ ಯಂತ್ರದಲ್ಲಿ ಒಂದೊಂದೇ ಹಂತ ಮಾಡಬೇಕಿತ್ತು. ಇದರಲ್ಲಿ ಹಿಡಿಯನ್ನು ಒಮ್ಮೆ ಎಳೆದು ಬಿಟ್ಟರೆ ಎಲ್ಲ ಹಂತವೂ ಒಟ್ಟಿಗೆ ನಡೆದು ಒಂದು ತೋಟಾ ಸಿದ್ಧವಾಗಿ ತಟ್ಟೆಗೆ ಉರುಳುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿತ್ತು. ಮೊಯ್ದಿನ್ ಅವರಿಗೆ ಅರಬ್ಬಿ, ಮಲಯಾಳ, ಹಿಂದಿ, ತುಳು, ಬ್ಯಾರಿ ಎಲ್ಲ ನೀರು ಕುಡಿದ ಹಾಗೆ, ಇಂಗ್ಲಿಷ್ ಮಾತ್ರ ಮಾಫಿ, ಇಲ್ಲಿಯ ಅರಬ್ಬಿಯಲ್ಲಿ ಇಲ್ಲವೇ ಇಲ್ಲ ಎಂದರ್ಥ. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಬೋಲ್ಟು ತಿರುಗಿಸುವುದು ಎಂದು ಒಪ್ಪಂದವಾಯಿತು. ನಾನು ಮೈಸೂರಿನವಳು, ಹೊಸ ಯಂತ್ರ ನೋಡಿದರೆ ಕೈ ಕುಂಕುಮ ಹುಡುಕುತ್ತದೆ. ಚಕ್ರವಿದ್ದರೆ ನಿಂಬೆಹಣ್ಣೂ ಇಡುತ್ತಿದ್ದೆ. ಮೊಯ್ದಿನ್ ನಕ್ಕು, ಬಿಸ್ಮಿಲ್ಲಾ ಹೇಳಿ ಮೊದಲ ಬೋಲ್ಟು ಬಿಗಿದರು.

ಅದನ್ನು ತಮಗೆ ಒಗ್ಗಿಸಿಕೊಳ್ಳಲು ಅವರು ಒಂದು ವಾರ ತೆಗೆದುಕೊಂಡರು. ಪ್ರೆಸ್ಸು ಎತ್ತರದ ಬಿಳಿಯರ ಅಳತೆಗೆ ಮಾಡಿದ್ದು, ಮೊಯ್ದಿನ್ ಕುಳ್ಳಗಿನವರು. ಮೇಜನ್ನು ತಗ್ಗಿಸಿದರು. ಹಿಡಿಯ ತುದಿಯ ಪ್ಲಾಸ್ಟಿಕ್ ಗುಂಡು ಬೆವರಿಗೆ ಜಾರುತ್ತದೆಂದು, ಕ್ಲಬ್ಬಿನ ಬಡಗಿಯಿಂದ ಮರದ ಗುಂಡು ಕಡೆಸಿ ಹಾಕಿದರು. ಮದ್ದು ಬಿದ್ದದ್ದು ಕಣ್ಣಿಗೆ ಕಾಣಲೇಬೇಕು, ಬೀಳದೆಯೋ ಎರಡು ಸಲ ಬಿದ್ದೋ ತೋಟಾ ಮುಚ್ಚಿಬಿಟ್ಟರೆ ಹೊಡೆಯುವವನ ಕೆನ್ನೆಯ ಪಕ್ಕದಲ್ಲೇ ಅನಾಹುತ. ಅದಕ್ಕಾಗಿ ಆ ಹಂತದ ಮೇಲೆ ಬೆಳಕು ಬೀಳುವ ಹಾಗೆ ಕೋಣೆಯ ದೀಪವನ್ನೇ ಜರುಗಿಸಿದರು. ಖಾಲಿ ತೋಟಾಗಳ ತಟ್ಟೆಯನ್ನು ಎಡಗೈಗೆ ಸಿಗುವಲ್ಲಿ ಇಟ್ಟರು. ಕೊನೆಗೆ ಮದ್ದಿನ ಅಳತೆ ಕೂರಿಸಿದೆವು. ನಿಧಾನವಾಗಿ ಹಿಡಿ ಎಳೆಯುವುದು, ಬಿದ್ದದ್ದನ್ನು ತಕ್ಕಡಿಯಲ್ಲಿ ತೂಗುವುದು. ಪ್ರತಿ ಸಲವೂ ಸರಿಯಾಗಿ ಬಂತು. ಮೊಯ್ದಿನ್ ಅವರ ಮುಖದಲ್ಲಿ ಮದುಮಗನ ಕಳೆ ಇತ್ತು.

ಕೆಲಸ ವೇಗ ಹಿಡಿದ ಮೇಲೆ ತೊಂದರೆ ಶುರುವಾಯಿತು. ತಯಾರಾದವುಗಳಲ್ಲಿ ಕೆಲವನ್ನು ಕೊಯ್ದು ತೂಗಿದರೆ ಅಲ್ಲೊಂದು ಇಲ್ಲೊಂದರಲ್ಲಿ ಮದ್ದು ಹೆಚ್ಚು. ಬಹಳವಲ್ಲ, ಒಂದು ಚೂರು. ಆದರೆ ಮದ್ದಿನ ವಿಷಯದಲ್ಲಿ ಚೂರು ಎಂಬ ಮಾತಿಲ್ಲ, ನಮ್ಮ ನಿಯಮಕ್ಕಿಂತ ಮೇಲಿದ್ದರೆ ಆ ಡಬ್ಬಿಯೇ ರದ್ದು. ಮೊದಲು ತಕ್ಕಡಿಯನ್ನು ಬೈದೆವು. ಆಮೇಲೆ ಎಸಿಯ ಗಾಳಿಯನ್ನು. ಆಮೇಲೆ ಪಕ್ಕದ ಕೋಣೆಯ ಪಂಪಿನಿಂದ ಮೇಜು ಅದುರುತ್ತದೆಂದು ಪ್ರೆಸ್ಸಿನ ಕೆಳಗೆ ರಬ್ಬರ್ ಹಾಳೆ ಹಾಕಿದೆವು. ನಾನು ಮಾರಿದ ಕಂಪನಿಗೆ ಒಂದು ಖಾರದ ಇಮೇಲ್ ಬರೆದೆ. ಅವರು ಬಹಳ ವಿನಯದಿಂದ, ಬಾಟಲಿ ಅದುರಿದರೆ ಮದ್ದು ಒತ್ತೊತ್ತಾಗಿ ಕೂತು ತೂಕ ಹೆಚ್ಚುತ್ತದೆ, ಅದುರುವುದು ಯಾವುದರಿಂದ ಎಂದು ನೋಡಿ ಎಂದು ಉತ್ತರಿಸಿದರು. ಆ ವಿನಯಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಸಿಟ್ಟಿನಲ್ಲೇ ಹೋಗಿ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೊಯ್ದಿನ್ ಮೊದಮೊದಲು ನನ್ನ ಕಡೆ ನೋಡುತ್ತಿದ್ದರು, ಆಮೇಲೆ ಕೆಲಸದಲ್ಲಿ ಮುಳುಗಿ ನನ್ನನ್ನು ಮರೆತರು. ಬಲಗೈ ಹಿಡಿ ಎಳೆಯುತ್ತದೆ, ಎಡಗೈ ಖಾಲಿ ತೋಟಾ ಇಡುತ್ತದೆ, ತುಟಿ ಅಲ್ಲಾಡುತ್ತದೆ. ಒಂದು ಹದ ಸಿಕ್ಕಿತು. ಹದ ಸಿಕ್ಕಿದ ಮೇಲೆ ಎಡಗೈ ತೋಟಾ ಇಟ್ಟು ವಾಪಸು ಬರುವ ದಾರಿಯಲ್ಲಿ ಮೇಲೆ ಹೋಗಿ ಮದ್ದಿನ ಬಾಟಲಿಯ ಪಕ್ಕೆಗೆ ಮೆಲ್ಲಗೆ ಒಂದು ತಟ್ಟು ತಟ್ಟಿತು. ನಾಲ್ಕಾರು ತೋಟಾ ಆದ ಮೇಲೆ ಇನ್ನೊಂದು ತಟ್ಟು.

ನಾನು ಹೇಳಿದರೆ ಅವರು ಒಪ್ಪಲಿಲ್ಲ. ತಾನು ಬಾಟಲಿ ಮುಟ್ಟಿಯೇ ಇಲ್ಲ ಎಂದರು. ಸುಳ್ಳು ಹೇಳುವವರಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಫೋನಿನಲ್ಲಿ ವಿಡಿಯೊ ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

“ಇದು ನನ್ನ ಕೈಯಲ್ಲ ಮೇಡಂ,” ಎಂದರು. “ಬಾಪಂದು. ಹೀಗೇ ಇತ್ತು ಮಾರ್ರೆ, ಬೆರಳು ಅಗಲ ಮಾಡಿ ತಟ್ಟುವುದು.”

ನಾನು ತಮಾಷೆ ಮಾಡೋಣವೆಂದು, ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಆದರೆ ಇಲ್ಲಿ ಸುಡುವುದು ಮದ್ದು ಎಂದೆ. ಅವರು ನಗಲಿಲ್ಲ. ಅಕ್ಕಿಗೆ ಹೆಚ್ಚು ಹಾಕಿದರೆ ಪುಣ್ಯ, ಇಲ್ಲಿ ಹೆಚ್ಚು ಹಾಕಿದರೆ ಯಾರದೋ ಮಗನ ಕಣ್ಣು ಹೋಗುತ್ತದೆ ಎಂದು ತಮಗೇ ಹೇಳಿಕೊಂಡ ಹಾಗೆ ಹೇಳಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಅಂದಿನಿಂದ ಆ ಕೈಯನ್ನು ಕಾಯುವುದೇ ಕೆಲಸವಾಯಿತು. ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಂಡು ನೋಡಿದರು. ಎಡಗೈಗೆ ಮಾತ್ರ ದಪ್ಪ ಗ್ಲೌಸು ಹಾಕಿ ನೋಡಿದರು. ಅದರಲ್ಲಿ ತೋಟಾ ಹಿಡಿಯಲು ಬರಲಿಲ್ಲ. ಮೈಯೆಲ್ಲ ಎಚ್ಚರವಾಗಿದ್ದಾಗ ಕೈ ಸುಮ್ಮನಿರುತ್ತಿತ್ತು, ಮನಸ್ಸು ಒಂದಿಷ್ಟು ಹಗುರವಾದರೆ ಮೇಲೇಳುತ್ತಿತ್ತು. ಹವ್ವಮ್ಮನಿಗೆ ವಿಷಯ ತಿಳಿದು ಅವರು ಪರೀಕ್ಷೆಯ ದಿನ ಹತ್ತಿರ ಬಂದಂತೆ ಊಟ ಬಡಿಸುವಾಗಲೂ ಗಂಡನ ಎಡಗೈಯನ್ನೇ ನೋಡುತ್ತಿದ್ದರಂತೆ. ಒಮ್ಮೆ ಲಿಫ್ಟಿನಲ್ಲಿ ನನ್ನೊಬ್ಬಳನ್ನೇ ನೋಡಿ ಕೇಳಿದರು, ಕೈ ಕೇಳದಿದ್ದರೆ ಟಿಕೆಟ್ ಯಾವಾಗಕ್ಕೆ ಮಾಡಿಸುವುದು ಎಂದು. ಆಗಲೇ ಪ್ಯಾಕ್ ಮಾಡಬೇಡಿ ಎಂದಷ್ಟೇ ಹೇಳಿದೆ.

ರಂಜಾನಿಗೆ ಕೆಲವು ದಿನ ಮುಂಚೆ ಅಬು ರಾಶಿದ್ ಬಂದರು. ಕೋಣೆಯ ಹೊರಗೆ ಗಾಜಿನ ಆಚೆ ಕೂತು ಖಹ್ವಾ ಕುಡಿಯುತ್ತ ಕಾದರು. ಮೊಯ್ದಿನ್ ಒಂದು ಡಬ್ಬಿ ತೋಟಾ ತಯಾರಿಸಿ ತಂದಿಟ್ಟರು. ಅವರು ಕೈಗೆ ಸಿಕ್ಕಿದ್ದನ್ನು ಆರಿಸಿ ಕೊಯ್ದು ಮದ್ದನ್ನು ತಕ್ಕಡಿಗೆ ಸುರಿದರು. ಸರಿ. ಇನ್ನೊಂದು, ಅದೂ ಸರಿ. ಕೊಯ್ದದ್ದೆಲ್ಲ ಸರಿಯಾಗಿತ್ತು. ನಾನು ಒಳಗೊಳಗೇ ಚಾಮುಂಡಿಗೆ ಹರಕೆ ಹೊತ್ತುಬಿಟ್ಟೆ. ಅಬು ರಾಶಿದ್ ಜೇಬಿನಿಂದ ಪೆನ್ನು ತೆಗೆದರು, ಯಲ್ಲಾ, ಕಾಗದ ಎಲ್ಲಿ ಎಂದು ನನ್ನ ಕಡೆ ಕೈ ಚಾಚಿದರು.

ಆಗ ಮೊಯ್ದಿನ್ ಅರಬ್ಬಿಯಲ್ಲಿ ಏನೋ ಹೇಳಿದರು. ನನಗೆ ಅರ್ಥವಾದದ್ದು ‘ಮೂರು’ ಎಂಬ ಒಂದು ಮಾತು. ಉಳಿದದ್ದನ್ನು ಮೊಯ್ದಿನ್ ಅವರೇ ತಿರುಗಿ ನನಗೆ ಕನ್ನಡದಲ್ಲಿ ಹೇಳಿದರು: ಮೂರು ಸಲ ನನ್ನ ಕೈ ಬಾಟಲಿ ತಟ್ಟಿತು, ಅವು ಈ ಡಬ್ಬಿಯಲ್ಲೇ ಇವೆ, ಯಾವುವು ಎಂದು ಗೊತ್ತಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಕಾಗದವನ್ನು ಅವರ ತಲೆಯ ಮೇಲೆ ಕುಕ್ಕಬೇಕು ಅನ್ನಿಸಿತು. ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಹವ್ವಮ್ಮ ಉಳಿಯುತ್ತಿದ್ದರು.

ಅಬು ರಾಶಿದ್ ಪೆನ್ನು ಜೇಬಿಗಿಟ್ಟರು. ಮೂವರೂ ಕೂತು ಡಬ್ಬಿಯ ಪ್ರತಿ ತೋಟಾವನ್ನೂ ಕೊಯ್ದೆವು. ಬೆಳಿಗ್ಗೆಯೆಲ್ಲ ಅದೇ ಕೆಲಸ. ಹೆಚ್ಚಿನ ಮದ್ದಿನವು ಸಿಕ್ಕವು. ಮೂರಲ್ಲ, ನಾಲ್ಕು. ನಾಲ್ಕನೆಯದನ್ನು ನೋಡಿ ಮೊಯ್ದಿನ್ ಅವರ ಮುಖ ಬಿಳಚಿಕೊಂಡಿತು. ಅಬು ರಾಶಿದ್ ಕೈ ಒರೆಸಿಕೊಂಡು ಹೇಳಿದ್ದನ್ನು ಮೊಯ್ದಿನ್ ಆಮೇಲೆ ಕಾರಿನಲ್ಲಿ ನನಗೆ ಕನ್ನಡದಲ್ಲಿ ಹೇಳಿದರು.

“ನಿನ್ನ ಬಾಯಿ ಪಾಸ್, ಕೈ ಪಾಸ್ ಆಗ್ಲಿಲ್ಲ ಅಂದ್ರು. ಈದ್ ತನಕ ಟೈಮ್ ಕೊಟ್ಟಿದ್ದಾರೆ. ಅಷ್ಟರೊಳಗೆ ಕೈ ತಟ್ಟುವುದು ಬಿಟ್ರೆ ಸೈನ್, ಇಲ್ಲದಿದ್ರೆ ಖಲಾಸ್.”

ಬಾಟಲಿಗೆ ಕೈ ತಾಗದ ಹಾಗೆ ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಒಂದು ಗೂಡು ಕಟ್ಟುವುದೆಂದು ತೀರ್ಮಾನವಾಯಿತು. ಹಳೆಯ ಸೈನ್‌ಬೋರ್ಡಿನ ಹಾಳೆ ಕತ್ತರಿಸಿ, ಮೇಜಿನಿಂದಲೇ ಕಂಬ ಎಬ್ಬಿಸಿ, ಪ್ರೆಸ್ಸಿಗೆ ಎಲ್ಲೂ ಸೋಕದ ಹಾಗೆ ಮೊಯ್ದಿನ್ ಅದನ್ನು ನಿಲ್ಲಿಸಿದರು. ಕೈ ಮೇಲೆ ಹೋದರೆ ಗೂಡಿಗೆ ತಾಗಬೇಕು, ಮದ್ದಿಗೆ ತಿಳಿಯಬಾರದು. ಅದರಿಂದ ತೋಟಾ ಸರಿಯಾದವು. ಆದರೆ ಅಬು ರಾಶಿದ್‌ಗೆ ಅಷ್ಟು ಸಾಲದು. ಗೂಡು ನಾಳೆ ಮುರಿದರೆ ಏನು, ನನಗೆ ಕೈಯೇ ಸುಮ್ಮನಿರಬೇಕು ಎಂದರು. ಹಟಮಾರಿ ಮುದುಕ ಎಂದು ನಾನು ಬೈದುಕೊಂಡೆ. ಆದರೆ ಅವರ ಮೊಮ್ಮಗನೂ ಇದೇ ತೋಟಾ ಹಾಕಿ ಹೊಡೆಯುವವನು ಎಂಬುದು ನೆನಪಾಗಿ ಬೈಗುಳ ಅರ್ಧಕ್ಕೇ ನಿಂತಿತು.

ನನ್ನ ಮೇಜಿಗೂ ಆ ಕೋಣೆಗೂ ನಡುವೆ ಒಂದೇ ಗೋಡೆ. ಹಿಡಿ ಇಳಿದೇಳುವ ಸದ್ದಿನ ನಡುವೆ ಗೂಡಿಗೆ ಕೈ ತಾಗುವ ಟಪ್ ಎಂಬ ಸದ್ದು ನನಗೆ ಕೇಳುತ್ತಿತ್ತು. ಉಪವಾಸ ಶುರುವಾದಾಗ ಅದು ಮೇಲಿಂದ ಮೇಲೆ ಬರುತ್ತಿತ್ತು. ಪ್ರತಿ ಟಪ್ಪಿಗೂ ಮೊಯ್ದಿನ್ ಕೆಲಸ ನಿಲ್ಲಿಸಿ, ಕೈ ಕೆಳಗಿಳಿಸಿ, ಮತ್ತೆ ಶುರುಮಾಡುತ್ತಿದ್ದರು. ಅವರನ್ನು ಬೈಯುವವರು ಯಾರೂ ಇರಲಿಲ್ಲ. ಬರಬರುತ್ತ ಸದ್ದು ವಿರಳವಾಯಿತು. ಈದ್ ಹತ್ತಿರವಾದಾಗ ಒಂದು ದಿನ ಊಟದ ಹೊತ್ತಿನವರೆಗೂ ಕಿವಿ ಕೊಟ್ಟು ಕೂತೆ, ಒಂದು ಟಪ್ ಕೂಡ ಇಲ್ಲ. ಮರುದಿನವೂ ಇಲ್ಲ. ಅಬು ರಾಶಿದ್ ಬಂದು, ತಾವೇ ಗೂಡು ಬಿಚ್ಚಿಟ್ಟು, ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದರು. ತಯಾರಾದದ್ದನ್ನೆಲ್ಲ ಕೊಯ್ಯಿಸಿದರು. ನನ್ನ ಮೇಜಿನ ಮೇಲೆ ಬಾಗಿ ಕಾಗದಕ್ಕೆ ಸಹಿ ಹಾಕಿದರು, ಮೊಯ್ದಿನ್ ಅವರ ಹೆಗಲು ತಟ್ಟಿ ಹೋದರು.

ವಾಪಸು ಬರುವಾಗ ನನಗೆ ಖುಷಿಯೋ ಖುಷಿ. ವೀಸಾ ಅರ್ಜಿ ನಾಳೆಯೇ ಹಾಕೋಣ, ಹವ್ವಮ್ಮನಿಗೆ ಫೋನ್ ಮಾಡಿ ಹೇಳಿ ಎಂದೆಲ್ಲ ಒದರುತ್ತಿದ್ದೆ. ಮೊಯ್ದಿನ್ ಎರಡೂ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಮನೆಗೇ ಹೋಗಿ ಹೇಳುತ್ತೇನೆ ಎಂದರು. ಉಪವಾಸದ ಸುಸ್ತು ಅಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಅವರೇ ಮಾತಾಡಿದರು.

“ಬಾಪ ಹೋದಾಗ ನಾನು ಇಲ್ಲಿದ್ದೆ ಮೇಡಂ. ಲೀವ್ ಸಿಗ್ಲಿಲ್ಲ, ಮಣ್ಣಿಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಆಗ ನನಗೆ ಅಷ್ಟು ಬೇಜಾರಾಗ್ಲಿಲ್ಲ. ಎಂತಕ್ಕೆ ಅಂತ ಈಗ ಗೊತ್ತಾಯ್ತು. ಅವರು ನನ್ನೊಟ್ಟಿಗೇ ಇದ್ರು. ಈ ಒಂದು ತಿಂಗಳು ಕೂತು ಕೂತು ನಾನೇ ಅವರನ್ನು ಕಳಿಸಿದೆ.”

ಅವರು ಅಳುತ್ತಿದ್ದರು. ಸದ್ದಿಲ್ಲದೆ, ಮುಖ ಒರೆಸಿಕೊಳ್ಳದೆ. ನನಗೂ ಕಣ್ಣು ತುಂಬಿತು, ರಸ್ತೆ ಮಂಜಾಗಿ ಎಡಗಡೆಯ ಲಾರಿಗೆ ತಾಗಿಸುವುದರಲ್ಲಿದ್ದೆ. ಅಕ್ಕಿ ಅಳೆಯುವಾಗ ತಟ್ಟಿದರೆ ಯಾರೂ ಬೇಡ ಅನ್ನುವುದಿಲ್ಲ ಎಂದು ಹೇಳಲು ಹೊರಟೆ. ಆದರೆ ಕೈಗೆ ಎರಡು ಕಾನೂನು ಕಲಿಸಲು ಆಗುವುದಿಲ್ಲ ಎಂದು ಇಷ್ಟು ದಿನ ಕಣ್ಣಾರೆ ನೋಡಿದವಳು ನಾನು.

ಅಲ್ ವುಕೈರ್ ತಲುಪಿದಾಗ ಹವ್ವಮ್ಮ ಕಟ್ಟಡದ ಕೆಳಗೇ ನಿಂತಿದ್ದರು. ಇಫ್ತಾರಿಗೆ ಇನ್ನೂ ಹೊತ್ತಿತ್ತು, ಒಳಗಿರಲು ಆಗದೆ ಇಳಿದು ಬಂದಿರಬೇಕು. ಮೊಯ್ದಿನ್ ಕಾರಿನಿಂದ ಇಳಿದು, ಸೈನ್ ಆಯಿತು, ನೀನು ಹೋಗಬೇಕಾಗಿಲ್ಲ ಎಂದು ಬ್ಯಾರಿಯಲ್ಲಿ ಹೇಳಿದರು. ಅಷ್ಟು ನನಗೂ ಅರ್ಥವಾಯಿತು. ಹವ್ವಮ್ಮ ಮೊದಲು ನಕ್ಕರು, ಆಮೇಲೆ ಗಂಡನ ಮುಖ ನೋಡಿದರು. ಬೀದಿಯಲ್ಲಿ ಗಂಡನ ಪಕ್ಕ ನಡೆಯಲೂ ನಾಚುವ ಆ ಹೆಂಗಸು, ಕಾವಲಿನವನೂ ನಾನೂ ನೋಡುತ್ತಿರುವಾಗಲೇ, ಆ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಲಿಫ್ಟ್ ಬಂದು ಬಾಗಿಲು ತೆರೆದಾಗಲೂ ಬಿಟ್ಟಿರಲಿಲ್ಲ.